ಕಪ್ಪೆ ಹೂಂ ಅಂದಿತು

ಫೆಬ್ರವರಿ 5, ಸಂಜೆ 4-10

ನಾಲ್ಕು ಹೊಡೆಯಿತು. ಬಾಯಿಗೆ ಬೀಗ. ಇನ್ನು ಏಳರವರೆಗೆ ನಾನೂ ಒಂದು ಗೋಡೆ.

ಸೊಸೆಯ ಹೊಸ ಕಾನೂನು. ನಾಲ್ಕರಿಂದ ಏಳು, ಮನೆಯೊಳಗೆ ಚೀನಾದ ಮಾತು ಮಾತ್ರ. ಮ್ಯಾಂಡರಿನ್ ಅನ್ನಬೇಕಂತೆ. ಅವಳ ತಾಯಿಯ ಮಾತು ಅದು. ಬರುವವರು ಆಡಬೇಕು, ಬರದವರು ಸುಮ್ಮನಿರಬೇಕು. ಬರದವರು ಅಂದರೆ ಯಾರು? ನಾನೊಬ್ಬನೇ. ಮಗನಿಗೂ ಬರುವುದಿಲ್ಲ. ಆದರೆ ಅವನು ಸಿಟಿ ಬಸ್ಸಿನ ಡ್ರೈವರ್, ಎರಡನೇ ಪಾಳಿ ಹಾಕಿಸಿಕೊಂಡ. ಜಾಣ.

ಹೊರಗೆ ಹೋಗೋಣವೆಂದರೆ ಮೊಣಕಾಲು ಬಿಡದು. ಒಳಗಿದ್ದರೆ ಇದು. ಬಾಯಿ ಕಟ್ಟಿದ್ದಾರೆ, ಕೈ ಕಟ್ಟಿಲ್ಲವಲ್ಲ. ರೆಕ್ಸಿನ್ ಅಂಗಡಿಯವನು ಕೊಟ್ಟ ಡೈರಿ ಹಾಗೇ ಬಿದ್ದಿತ್ತು, ತೆಗೆದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಕಾಗುಣಿತ ಎಡವಟ್ಟಾದರೆ ಆಗಲಿ, ಓದುವವರು ಯಾರು.

ಈಗಷ್ಟೇ ನಡೆದದ್ದು. ಮೊಮ್ಮಗಳು ದಬ್ಬಣ ಅವಳಮ್ಮನ ಹತ್ತಿರ ಹೋಗಿ "ನೀರು ಬೇಕು" ಅಂದಳು. ನಮ್ಮ ಮಾತಿನಲ್ಲಿ. ಸೊಸೆ ಕೇಳಿಸದವಳಂತೆ ಚೀನಾದಲ್ಲಿ ಏನೋ ಅಂದಳು. ಇವಳು ಮತ್ತೆ "ನೀರು". ಅವಳು ಮತ್ತೆ ಅದೇ ಏನೋ. ಮಗು ನನ್ನ ಮುಂದೆ ಬಂದು ನಿಂತಿತು. ಎದ್ದು ಹೋಗಿ ಲೋಟ ತುಂಬಿಸಿ ಕೊಟ್ಟೆ. ಸೊಸೆ ಕಣ್ಣು ಬಿಟ್ಟಳು. ಬಾಯಿ ಬಿಟ್ಟಿಲ್ಲಮ್ಮ ತಾಯಿ, ನಲ್ಲಿ ಬಿಟ್ಟೆ ಅಷ್ಟೆ ಅನ್ನಬೇಕೆಂದಿತ್ತು. ಅನ್ನುವ ಹಾಗಿಲ್ಲ. ಇಲ್ಲಿ ಬರೆದೆ.

ದಬ್ಬಣಕ್ಕೆ ಇನ್ನೇನು ಆರು ತುಂಬುತ್ತದೆ. ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಾಳೆ, ಅದಕ್ಕೇ ಆ ಹೆಸರು. ತಮ್ಮ ಸ್ಪಂಜು, ಮೂರು ವರ್ಷ. ಎಷ್ಟು ಒತ್ತಿದರೂ ಮತ್ತೆ ಉಬ್ಬುತ್ತಾನೆ. ಜೀವಮಾನವಿಡೀ ಸೋಫಾ ಕಟ್ಟಿದವನ ಬಾಯಲ್ಲಿ ಇನ್ನೆಂಥ ಹೆಸರು ಬರುತ್ತೆ.

ಸೊಸೆಗೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ನನ್ನ ಬಾಯೊಳಗಿರುವುದು ಅವಳೇ ಮಾಡಿದ್ದು. ಹಲ್ಲು ಅವಳದು. ಇನ್ನು ಮಾತೂ ಅವಳದೇ ಆಗಬೇಕಂತೆ.

ಫೆಬ್ರವರಿ 8

ಬೀಗಿತಿಯ ಫೋನು ಬಂತು. ಸೊಸೆಯ ತಾಯಿ. ವಿಡಿಯೋದಲ್ಲಿ ಮುಖ ತೋರಿಸಿದರು.

ಮದುವೆಯ ಹೊಸದರಲ್ಲಿ ಆಕೆ ನನ್ನ ಜೊತೆ ಜಗಳ ಆಡುವಷ್ಟು ನಮ್ಮ ಮಾತು ಕಲಿತಿದ್ದರು. ಹಾಲಿನಲ್ಲಿ ನಾನು ಕಟ್ಟಿದ ಸೋಫಾದ ಮೇಲೆ ಕೂತು, "ಬೀಗರೇ, ಇದು ಸೋಫಾ ಅಲ್ಲ, ಕಲ್ಲು" ಅಂದಿದ್ದರು. ಎಲ್ಲರ ಎದುರಿಗೆ. ಆಮೇಲೆ ಯಾವಾಗ ಬಂದರೂ ಅದೇ ಮಾತು, ಅದೇ ನಗು. ನಾನೂ ಬಿಡುತ್ತಿರಲಿಲ್ಲ. ನಿಮ್ಮ ಮೂಳೆ ಚೂಪು, ಸೋಫಾ ಏನು ಮಾಡೀತು ಅನ್ನುತ್ತಿದ್ದೆ.

ಇವತ್ತು ಫೋನಿನಲ್ಲಿ ನನ್ನನ್ನೇ ನೋಡಿದರು. ಮಗಳನ್ನು ಏನೋ ಕೇಳಿದರು.

"ಏನಂತೆ?" ಅಂದೆ.

"ಏನಿಲ್ಲ ಮಾವ."

"ಏನಿಲ್ಲ ಅಂದ್ರೆ ಏನು? ಕೇಳಿದ್ದು ನನ್ನ ಬಗ್ಗೆ ತಾನೆ?"

"...ಇವರು ಯಾರು ಅಂತ ಕೇಳಿದ್ರು."

ಆಮೇಲೆ ಅಡುಗೆಮನೆಯಲ್ಲಿ ಸಿಂಕಿನ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಅಮ್ಮ ಒಂದೊಂದೇ ಭಾಷೆ ಬಿಡ್ತಾ ಇದಾರೆ ಮಾವ. ಮೊದಲು ನಿಮ್ಮ ಮಾತು ಹೋಯ್ತು. ಆಮೇಲೆ ಇಂಗ್ಲಿಷು. ಕೊನೇಗೆ ಉಳಿಯೋದು ಚಿಕ್ಕಂದಿನಲ್ಲಿ ಕಲ್ತದ್ದೊಂದೇ ಅಂದ್ರು ಡಾಕ್ಟ್ರು. ಮೇ ತಿಂಗಳಿಗೆ ಇಲ್ಲಿಗೇ ಕರ್ಕೊಂಡು ಬರ್ತೀನಿ. ಅಣ್ಣನದು ಹಡಗಿನ ಕೆಲಸ, ಅಲ್ಲಿ ನೋಡೋರಿಲ್ಲ. ನಾನು ಲ್ಯಾಬಿಗೆ ಹೋದಾಗ ನೀರು ಬೇಕು ಅಂತ ಅಮ್ಮ ಕೇಳಿದ್ರೆ, ಈ ಮನೇಲಿ ಯಾರಿಗೆ ತಿಳಿಯತ್ತೆ?"

ಮೊನ್ನೆ ನೀರಿಗೆ ಕಣ್ಣು ಬಿಟ್ಟದ್ದು ಯಾಕೆ ಅಂತ ಆಗ ಹೊಳೆಯಿತು.

"ಹುಟ್ಟಿದಾಗಿಂದ ಯಾಕೆ ಹೇಳ್ಕೊಡ್ಲಿಲ್ಲ?"

"ಹಾಡು ಹೇಳ್ತಿದ್ದೆ, ಬಯ್ತಿದ್ದೆ. ಅದಕ್ಕೇ ಕೇಳಿದ್ರೆ ತಿಳಿಯತ್ತೆ. ಬಾಯಿ ಬಿಡಲ್ಲ ಅಷ್ಟೆ. ಸುಸ್ತಾಗಿ ಬಂದಾಗ ಸುಲಭದ ಮಾತೇ ಬಾಯಿಗೆ ಬರೋದು ಮಾವ..."

ಹಾಲಿಗೆ ಬಂದು ಸೋಫಾದ ಮೇಲೆ ಕೂತೆ. ಕಲ್ಲೇನಲ್ಲ. ಸ್ವಲ್ಪ ಗಟ್ಟಿ, ಹೌದು.

ಫೆಬ್ರವರಿ 13

ಫೋನಿನೊಳಗೆ ಒಬ್ಬಳು ಟೀಚರು. ವಾರಕ್ಕೆರಡು ಸಲ ಬರುತ್ತಾಳೆ, ಕುಣಿಯುತ್ತಾಳೆ, ಹೋಗುತ್ತಾಳೆ. ಮಕ್ಕಳು ಬಾಯಿ ಬಿಡುವುದಿಲ್ಲ. ಇವತ್ತು ಸೊಸೆಗೆ ಹೇಳಿದಳಂತೆ: ಮಕ್ಕಳು ಮಾತನ್ನು ದಂಡ ಮಾಡುವುದಿಲ್ಲ. ಅಮ್ಮನಿಗೆ ಎರಡೂ ಬರುತ್ತೆ ಅಂತ ಅವಕ್ಕೆ ಗೊತ್ತು, ಮತ್ತೆ ಯಾಕೆ ಕಷ್ಟಪಟ್ಟಾವು? ಬೇರೆ ಮಾತೇ ಬರದವರು ಒಬ್ಬರು ಮನೆಯಲ್ಲಿರಬೇಕು. ಬೊಂಬೆಯಾದರೂ ಸರಿ.

ಸೊಸೆ ನನ್ನ ಕಡೆ ನೋಡಿದಳು. "ಮಾವ, ಒಂದು ಬೊಂಬೆ..."

"ನಾನು ಸೋಫಾದವನು, ಬೊಂಬೆಯವನಲ್ಲ."

ಮಾಡಿದೆ. ದವಾಖಾನೆ ಕುರ್ಚಿಯಿಂದ ಕಿತ್ತ ಹಸಿರು ರೆಕ್ಸಿನ್ ಬಾಲ್ಕನಿಯಲ್ಲಿ ಬಿದ್ದಿತ್ತು. ಒಳಗೆ ಸ್ಪಂಜು, ಬಾಯಿಗೆ ಕೆಂಪು ಬಟ್ಟೆ, ಕಣ್ಣಿಗೆ ಸೋಫಾ ಗುಂಡಿ. ಕೈ ತೂರಿಸಿದರೆ ಬಾಯಿ ತೆರೆಯುತ್ತೆ, ಮುಚ್ಚುತ್ತೆ. ಕಪ್ಪೆ. ಅವರ ಮಾತಿನಲ್ಲಿ ಚಿಂಗ್ವಾ ಅಂತೆ.

ದಬ್ಬಣ ಪಕ್ಕದಲ್ಲೇ ಕೂತು ನೋಡಿದಳು. ಅಂಚಿಗೆ ಹೊಲಿಗೆ ಹಾಕುವುದು ಹೇಳಿಕೊಟ್ಟೆ. ದಪ್ಪ ಸೂಜಿ ಹಿಡಿಯುವುದರಲ್ಲಿ ಹೆದರಿಕೆ ಇಲ್ಲ. ಕಪ್ಪೆಯ ಎಡಗಾಲು ಪೂರ್ತಿ ಅವಳದೇ.

ಫೆಬ್ರವರಿ 17, ಸಂಜೆ 6-30

ಕಪ್ಪೆ ಮೊದಲು ಸೊಸೆಯ ಕೈಯಲ್ಲಿತ್ತು. ಚೆನ್ನಾಗಿಯೇ ಮಾತಾಡಿತು. ದಬ್ಬಣ ಕೈಕಟ್ಟಿ ನಿಂತು ನೋಡಿ, ನಮ್ಮ ಮಾತಿನಲ್ಲಿ ತೀರ್ಪು ಕೊಟ್ಟಳು. "ಇದು ಕಪ್ಪೆ ಅಲ್ಲ. ಅಮ್ಮ."

ಕಪ್ಪೆಯನ್ನು ಕಿತ್ತು ತಂದು ನನ್ನ ಕೈಗೆ ತುರುಕಿದಳು. "ಅಜ್ಜಂಗೆ ಒಂದು ಅಕ್ಷರ ಬರಲ್ಲ. ಅಜ್ಜನ ಕೈಲಿದ್ದು ಅದಕ್ಕೆ ಅರ್ಥ ಆದ್ರೆ, ಆಗ ಅದು ನಿಜವಾದ ಕಪ್ಪೆ."

ಲಾಯರಿಣಿ! ಸೊಸೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಯೋಚಿಸಿದಳು. ಮಕ್ಕಳು ಮಲಗಿದ ಮೇಲೆ ನನಗೆ ಪಾಠವಂತೆ. ನಾಲ್ಕೇ ಮಾತು ಸಾಕಂತೆ.

ಫೆಬ್ರವರಿ 21

ಶೆನ್ಮ ಅಂದರೆ ಏನು. ವೆಯ್‌ಶೆನ್ಮ ಅಂದರೆ ಯಾಕೆ. ರಾನ್‌ಹೋ ನ ಅಂದರೆ ಆಮೇಲೆ? ಹಾವ್ ಅಂದರೆ ಸರಿ, ಆಗಲಿ, ಹೂಂ. ಈ ನಾಲ್ಕು ಮಾತಿದ್ದರೆ ಪೊಲೀಸ್ ಸ್ಟೇಷನ್ನೇ ನಡೆಸಬಹುದು.

"ದನಿ ಕೆಳಗೆ ಹೋಗಿ ಮೇಲೆ ಬರ್ಬೇಕು ಮಾವ."

"ಬಿ.ಪಿ. ಮೇಲೆ ಬರ್ತಿದೆ, ಸಾಕಾ?"

"ನೀವು ಬಯ್ಯೋ ಹಾಗೆ ಹೇಳ್ತೀರಿ."

"ನಾನು ಹೇಳೋದೇ ಹಾಗೆ."

ಕೊನೆಗೆ ಕಪ್ಪೆಗೆ ಗೊಗ್ಗರು ದನಿ ಇರಲಿ, ತಪ್ಪು ಮುಚ್ಚಿಹೋಗುತ್ತೆ ಅಂತ ಒಪ್ಪಂದ ಆಯಿತು. ಬಾವಿ ಕಪ್ಪೆ ಅಂತ ಜನ ನನ್ನನ್ನು ಆಡಿಕೊಂಡದ್ದುಂಟು. ಈಗ ನೋಡಿ, ಬಾವಿಯಿಂದೆದ್ದು ಚೀನಾದವರೆಗೆ.

ಮಾರ್ಚ್ 2, ಸಂಜೆ 5

ಕೈ ನೋಯುತ್ತಿದೆ. ಎಡಗೈಯಲ್ಲಿ ಬರೆಯಲು ಬರುವುದಿಲ್ಲ, ಅದಕ್ಕೇ ಇಷ್ಟು ದಿನ ಬರೆದಿಲ್ಲ. ಬಲಗೈ ಕಪ್ಪೆಯದಾಗಿದೆ.

ಏನಾಗುತ್ತಿದೆ ಅಂತ ನನಗೆ ತಿಳಿಯುತ್ತಿಲ್ಲ. ಶೆನ್ಮ ಅಂದೆ, ದಬ್ಬಣ ಒಂದು ಮಾತಾಡಿದಳು. ವೆಯ್‌ಶೆನ್ಮ ಅಂದೆ, ಎರಡಾಡಿದಳು. ರಾನ್‌ಹೋ ನ ಅಂದದ್ದೇ ತಡ, ಗೋಣಿ ಹರಿದ ಹಾಗೆ ಸುರಿದಳು. ಸ್ಪಂಜು ನಡುವೆ ಬಾಯಿ ಹಾಕಿದ, ಅವನೂ ಅದೇ ಮಾತಿನಲ್ಲಿ. ಒಬ್ಬರ ಮೇಲೊಬ್ಬರು ಬಿದ್ದು ಕಪ್ಪೆಗೆ ಕಥೆ ಹೇಳುತ್ತಾರೆ. ಕಪ್ಪೆ ತಲೆ ಆಡಿಸುತ್ತೆ, ಬಾಯಿ ತೆರೆಯುತ್ತೆ, ಮೂಗು ಕಚ್ಚುತ್ತೆ. ಸೊಸೆ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತವಳು ಅಲ್ಲೇ ನಿಂತಳು. ಕಣ್ಣಲ್ಲಿ ನೀರು. ಒಲೆ ಮೇಲೆ ಸೀದ ವಾಸನೆ.

ನನಗೊಂದೂ ಗೊತ್ತಾಗಲಿಲ್ಲ. ಎಲ್ಲಾ ನನಗೇ ಹೇಳಿದ್ದು, ನನಗೊಬ್ಬನಿಗೇ ಗೊತ್ತಾಗದ್ದು. ಇದೆಂಥ ಕೆಲಸ ಸ್ವಾಮಿ? ನಗಬೇಕೋ ಸಿಟ್ಟಾಗಬೇಕೋ...

ಮಾರ್ಚ್ 9

ಹೊಸ ಪದ್ಧತಿ. ದಬ್ಬಣ ಸ್ಕೂಲಿಂದ ಬಂದವಳೇ ನನ್ನನ್ನು ನನ್ನ ರೂಮಿಗೆ ಎಳೆದುಕೊಂಡು ಹೋಗುತ್ತಾಳೆ. ಬಾಗಿಲು ಹಾಕುತ್ತಾಳೆ. "ಅಜ್ಜ, ನೀನು ಆ ಕಡೆ ತಿರುಗು. ಇದು ಕಪ್ಪೆ ಹತ್ರ ಮಾತು."

ಕಿಟಕಿ ಕಡೆ ಮುಖ, ಹಿಂದಕ್ಕೆ ಕೈ. ಹೊರಗೆ ಎದುರು ಮನೆಯವನ ನೀರಿನ ಟ್ಯಾಂಕು. ಬೆನ್ನ ಹಿಂದೆ ಮೊಮ್ಮಗಳ ಪಿಸುಮಾತು. ಸ್ಕೂಲಿನ ಗುಟ್ಟೋ, ಯಾರು ಹೊಡೆದರೋ, ಯಾರನ್ನು ಹೊಡೆದಳೋ. ಮೊದಲು ಇದೆಲ್ಲ ನನ್ನ ತೊಡೆ ಮೇಲೆ ಕೂತು ನನಗೇ ಹೇಳುತ್ತಿದ್ದಳು. ಈಗಲೂ ನನ್ನ ಕೈಗೇ ಹೇಳುತ್ತಾಳೆ. ಕೈ ನನ್ನದು, ಮಾತು ನನ್ನದಲ್ಲ.

ಕಪ್ಪೆ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಮುದುಕನಾದೆನೇ?

ಮಾರ್ಚ್ 14

ಇವತ್ತು ತುಂಬಾ ಹೊತ್ತು ಹೇಳಿದಳು. ನಡುನಡುವೆ ಎರಡು ಮಾತು ಗುರುತು ಸಿಕ್ಕಿತು. ಯೆಯೆ ಅಂದರೆ ಅಪ್ಪನ ಅಪ್ಪ, ಅಂದರೆ ನಾನು. ವಾಯ್‌ಪೋ ಅಂದರೆ ಅಮ್ಮನ ಅಮ್ಮ, ಬೀಗಿತಿ. ನಮ್ಮಿಬ್ಬರ ಸುದ್ದಿ. ಹೊಗಳುತ್ತಿರಬೇಕು ಅಂದುಕೊಂಡೆ.

ಕೊನೆಗೆ ಏನೋ ಕೇಳಿದಳು. ಪ್ರಶ್ನೆ ಅಂತ ತಿಳಿದದ್ದು ಹೇಗೆಂದರೆ, ಸುಮ್ಮನಾಗಿ ಕಾದಳು. ಹಾವ್ ಅಂದೆ. ಕಪ್ಪೆಯ ತಲೆಯನ್ನೂ ಆಡಿಸಿದೆ. ಅವಳು ಮತ್ತೆ ಕೇಳಿದಳು. ನಾನು ಇನ್ನೂ ಜೋರಾಗಿ ಹಾವ್ ಅಂದೆ, ಇನ್ನೂ ಜೋರಾಗಿ ತಲೆ ಆಡಿಸಿದೆ.

ಬಾಗಿಲು ತೆರೆದ ಸದ್ದು. ತಿರುಗಿದರೆ ಇಲ್ಲ. ಯಾವಾಗಲೂ ಕಪ್ಪೆಯ ಮೂಗಿಗೆ ಮುತ್ತು ಕೊಟ್ಟು ಹೋಗುತ್ತಿದ್ದವಳು. ಹಸಿವಾಗಿರಬೇಕು.

ಮಾರ್ಚ್ 30, ಸಂಜೆ 4-30

ಎರಡು ವಾರದಿಂದ ಮನೆ ಸತ್ತ ಮನೆಯ ಹಾಗಿದೆ.

ದಬ್ಬಣ ಬಾಯಿ ಮುಚ್ಚಿದಳು. ಮ್ಯಾಂಡರಿನ್ ಒಂದು ಮಾತಿಲ್ಲ. ಅಮ್ಮನಿಗೆ ಇಲ್ಲ, ಫೋನಿನ ಟೀಚರಿಗೆ ಇಲ್ಲ, ಕಪ್ಪೆಗಂತೂ ಇಲ್ಲವೇ ಇಲ್ಲ. ಸ್ಪಂಜು ಆಡಿದರೆ ಅವನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಸೊಸೆ ಮುದ್ದು ಮಾಡಿದಳು, ಗದರಿದಳು, ಬಣ್ಣದ ಪೆನ್ಸಿಲು ತಂದಳು. ಊಹೂಂ. ಮೇ ತಿಂಗಳು ಹತ್ತಿರ ಬರುತ್ತಿದೆ. ಬೀಗಿತಿ ಮೊನ್ನೆ ಫೋನಿನಲ್ಲಿ ದಬ್ಬಣವನ್ನು ಮಾತಾಡಿಸಿದರು, ಇವಳು ಮೇಜಿನ ಕೆಳಗೆ ಹೊಕ್ಕಳು. ಆಕೆ ಖಾಲಿ ಕುರ್ಚಿಯ ಜೊತೆ ಸ್ವಲ್ಪ ಹೊತ್ತು ಮಾತಾಡಿದರು.

ನಿನ್ನೆ ಸೊಸೆ ನನ್ನ ಹತ್ತಿರ ಬಂದಳು. "ಮಾವ, ಬೇಜಾರು ಮಾಡ್ಕೋಬೇಡಿ. ನೀವೇನಾದ್ರೂ ಅಂದ್ರಾ ಅವಳಿಗೆ?"

"ನಾನು ಏನನ್ಲಿ? ನಾಲ್ಕು ಮಾತು ಕೊಟ್ಟಿದೀಯ, ನಾಲ್ಕೇ ಅಂದಿದೀನಿ!"

"ಅಲ್ಲ, ನಿಮಗೆ ಈ ಭಾಷೆ ಇಷ್ಟ ಇಲ್ಲ ಅಂತ ಅವಳಿಗೆ ಅನ್ನಿಸಿ..."

"ಇಷ್ಟ ಇಲ್ದೆ ಕೈಗೆ ಕಪ್ಪೆ ಹಾಕ್ಕೊಂಡು ಕೂತಿದೀನಾ? ಈ ವಯಸ್ಸಿಗೆ?"

ಕೂಗಿಬಿಟ್ಟೆ. ಮಕ್ಕಳು ಬೆಚ್ಚಿದರು. ಸೊಸೆ ಒಳಗೆ ಹೋದಳು.

ಏನು ತಪ್ಪಾಯಿತು? ಎಲ್ಲಿ ತಪ್ಪಾಯಿತು? ಸೋಫಾ ಕುಸಿದರೆ ಬಿಚ್ಚಿ ನೋಡಬಹುದು. ಪಟ್ಟಿ ಹರಿದಿದೆಯೋ, ಸ್ಪ್ರಿಂಗು ಹೋಗಿದೆಯೋ. ಮಗುವನ್ನು ಎಲ್ಲಿ ಬಿಚ್ಚಿ ನೋಡುವುದು.

ಏಪ್ರಿಲ್ 2

ನನ್ನ ಚಪ್ಪಲಿ ಕಾಣುತ್ತಿಲ್ಲ. ಊರಿಗೆ ಹೋಗುವಾಗ ಒಯ್ಯುವ ಬ್ಯಾಗು ಮಂಚದ ಕೆಳಗಿತ್ತು, ಅದೂ ಇಲ್ಲ. ಮಗನನ್ನು ಕೇಳಿದೆ. "ನಿಮ್ಮ ಚಪ್ಪಲಿ ಯಾರು ಹಾಕ್ತಾರಪ್ಪಾ, ಕಾರ್ಪೊರೇಷನ್‌ನವರೂ ಒಯ್ಯಲ್ಲ" ಅಂದ. ಕಪ್ಪೆಯೂ ಇಲ್ಲ.

ಬೀಗಿತಿಯ ಹಾಗೆ ನಾನೂ ಒಂದೊಂದೇ ಮರೆಯುತ್ತಿದ್ದೇನೋ? ಎಲ್ಲಿಟ್ಟೆ? ಬೆಳಗ್ಗೆಯಿಂದ ಇದೇ ಚಿಂತೆ. ಯಾರಿಗೂ ಹೇಳಿಲ್ಲ.

ಏಪ್ರಿಲ್ 4, ಮಧ್ಯಾಹ್ನ

ಸಿಕ್ಕಿತು. ಮರೆತದ್ದಲ್ಲ, ದೇವರು ದೊಡ್ಡವನು.

ಬಾಲ್ಕನಿಯಲ್ಲಿ ಹಳೇ ಸ್ಪಂಜಿನ ರಾಶಿ. ಸುತಳಿ ಉಂಡೆ ಹುಡುಕುತ್ತಾ ಕೈ ಹಾಕಿದೆ. ಒಳಗೆ ನನ್ನ ಬ್ಯಾಗು. ಬ್ಯಾಗಿನೊಳಗೆ ಚಪ್ಪಲಿ. ಚಪ್ಪಲಿಯ ಮೇಲೆ ಕಪ್ಪೆ. ಅದರ ಬಾಯನ್ನು ಹೊಲಿದುಬಿಟ್ಟಿದ್ದರು. ಈ ಕೆನ್ನೆಯಿಂದ ಆ ಕೆನ್ನೆಯವರೆಗೆ, ನನ್ನದೇ ಸುತಳಿಯಲ್ಲಿ. ಹೊಲಿಗೆ ಬಿಗಿ, ಸಮ. ಆ ಹೊತ್ತಿನಲ್ಲೂ ಅದನ್ನು ನೋಡದೆ ಇರಲಾಗಲಿಲ್ಲ.

ದಬ್ಬಣ ಬಾಗಿಲಲ್ಲಿ ನಿಂತಿದ್ದಳು.

"ನೀನೇನಾ?"

ತಲೆ ಆಡಿಸಿದಳು.

"ಯಾಕೆ ಮಗಾ?"

"ಅದು ಹೂಂ ಅಂತು."

"ಯಾವುದಕ್ಕೆ?"

ಬ್ಯಾಗಿನಿಂದ ಚಪ್ಪಲಿ ಕಿತ್ತುಕೊಂಡು ಬೆನ್ನ ಹಿಂದೆ ಹಿಡಿದಳು. ಆಮೇಲೆ ಒಂದೇ ಉಸಿರಿಗೆ ಬಂತು. "ವಾಯ್‌ಪೋ ಬಂದ್ರೆ ಅಜ್ಜನ ರೂಮು ವಾಯ್‌ಪೋಗೆ, ಅಜ್ಜನ್ನ ಅತ್ತೆ ಮನೆಗೆ ಕಳಿಸೋದು ಅಂತ ಅಪ್ಪ ಅಮ್ಮಂಗೆ ಹೇಳ್ತಿದ್ದ. ನಿಜವಾ ಅಂತ ಕಪ್ಪೆ ಹತ್ರ ಕೇಳ್ದೆ. ಹೂಂ ಅಂತು. ಎರಡು ಸಲ ಅಂತು. ನಾವು ಆ ಮಾತು ಕಲ್ತಿಲ್ಲ ಅಂದ್ರೆ ವಾಯ್‌ಪೋ ಬರಲ್ಲ. ಚಪ್ಪಲಿ ಇಲ್ಲಾಂದ್ರೆ ನೀನೂ ಹೋಗಲ್ಲ."

ನಾನು ಅಲ್ಲೇ ರಾಶಿಯ ಮೇಲೆ ಕೂತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಾನು ಏನು ಆಡಿದೆ ಅಂತಲೇ ಗೊತ್ತಿಲ್ಲದೆ ಆಡಿದೆನಲ್ಲ. ನನ್ನನ್ನು ಮನೆಯಿಂದ ಕಳಿಸಲು ನಾನೇ ಹೂಂ ಅಂದೆ. ಜೋರಾಗಿ. ತಲೆ ಆಡಿಸಿಕೊಂಡು.

"ಅದು ಕಪ್ಪೆ ಅಲ್ಲ ಮಗಾ, ನಾನೇ, ನನಗೆ ಅರ್ಥ ಆಗಿರ್ಲಿಲ್ಲ" ಅನ್ನಲು ಬಾಯಿ ತೆರೆದೆ. ಅವಳು ಕಪ್ಪೆಯನ್ನೇ ನೋಡುತ್ತಿದ್ದಳು. ಹೊಲಿದ ಬಾಯಿಯ ಕಪ್ಪೆಯನ್ನು. ಹೆದರಿಕೊಂಡು, ನಿಜವಾದ ಕಪ್ಪೆಯನ್ನು ನೋಡುವ ಹಾಗೆ. ಹೇಳಿದರೆ ಕಪ್ಪೆ ಸತ್ತಿತು. ಕಪ್ಪೆ ಸತ್ತರೆ ಮಾತೂ ಸತ್ತಿತು, ಮೇ ತಿಂಗಳಲ್ಲಿ ಬರುವ ಆ ತಾಯಿಗೆ ನೀರು ಕೊಡುವವರಿಲ್ಲ. ಹೇಳದಿದ್ದರೆ ಮಗುವಿನ ಎದೆಯೊಳಗೆ ಈ ಮುಳ್ಳು.

ಬಾಯಿ ಮುಚ್ಚಿದೆ. "ಚಪ್ಪಲಿ ಕೊಡು, ಕಾಲು ಸುಡ್ತಿದೆ" ಅಂದೆ ಅಷ್ಟೆ.

ಕೊಡಲಿಲ್ಲ.

ಏಪ್ರಿಲ್ 5, ಬೆಳಗ್ಗೆ

ಮಗ ಡ್ಯೂಟಿಗೆ ಹೊರಡುವ ಮೊದಲು ಹಿಡಿದೆ. ಸೊಸೆಗೂ ರಜೆ.

"ನಾನು ಯಾವತ್ತು ಹೊರಡ್ಬೇಕು?"

"ಎಲ್ಲಿಗಪ್ಪಾ?"

"ನಿನ್ನ ಅಕ್ಕನ ಮನೆಗೆ."

ಮುಖ ಬಿಳಿಚಿತು. "ಒಂದೆರಡು ತಿಂಗಳು ಅಂತ... ಇವಳಮ್ಮ ಇಲ್ಲಿ ಹೊಂದ್ಕೊಳ್ಳೋವರೆಗೆ... ನಿಮ್ಮನ್ನ ಕೇಳೋಣ ಅಂತಾನೇ ಇದ್ದೆ."

"ಯಾವಾಗ? ಬಸ್ಸು ಹೊರಟ ಮೇಲೆ ಟಿಕೆಟ್ ಕೊಡ್ತೀಯಾ?"

"ಇರೋದು ಎರಡು ರೂಮು ಅಪ್ಪಾ! ಎಲ್ಲರನ್ನೂ ನಿಂತ್ಕೊಂಡು ಬನ್ನಿ ಅನ್ನೋಕೆ ಇದು ಬಸ್ಸಾ?"

ಸೊಸೆ ನಡುವೆ ಬಂದಳು. "ನಾನು ಬೇಡ ಅಂದೆ ಮಾವ. ಅಮ್ಮ ಎದ್ದೆದ್ದು ಹೊರಗೆ ಹೋಗ್ತಾರೆ, ಬಾಗಿಲಿರೋ ರೂಮೇ ಬೇಕು. ನಿಮ್ಮ ಹತ್ರ ಹೇಗೆ ಕೇಳ್ಲಿ? ದಾರಿ ಕಾಣ್ದೆ ಸುಮ್ಮನಾದೆ. ನನ್ನದೂ ತಪ್ಪೇ."

"ನಾನು ಎಲ್ಲಿಗೂ ಹೋಗಲ್ಲ!" ಮೇಜು ಗುದ್ದಿದೆ. "ರೂಮೂ ಬಿಡಲ್ಲ!" ಹಲ್ಲಿನ ಸೆಟ್ಟು ಜಾರಿತು. ಒಳಗೆ ಒತ್ತಿಕೊಂಡೆ. ಸೊಸೆಯ ಕಣ್ಣು ಆಗಲೂ ಹಲ್ಲಿನ ಮೇಲೇ. "ಸಡಿಲ ಆಗಿದೆ ಮಾವ, ಸರಿ ಮಾಡ್ಕೊಡ್ತೀನಿ" ಅಂದಳು. ಅಳುತ್ತಾ.

ಇಂಥವಳ ಮೇಲೆ ಹೇಗೆ ಸಿಟ್ಟು ಮಾಡುವುದು? ಮಗನ ಮೇಲೆ ಮಾಡೋಣವೆಂದರೆ ಅವನು ಹೇಳಿದ್ದೂ ಸುಳ್ಳಲ್ಲ. ಬೀಗಿತಿಯ ಮೇಲೆ ಮಾಡೋಣವೆಂದರೆ ಆಕೆಗೆ ನಾನು ಯಾರೆಂದೇ ಗೊತ್ತಿಲ್ಲ. ಸಿಟ್ಟು ಇದೆ, ಇಡಲು ಜಾಗ ಇಲ್ಲ. ರೂಮಿನ ಹಾಗೆಯೇ.

ಅದೇ ದಿನ, ಸಂಜೆ 4-30

ಟೇಪು ತಂದು ಹಾಲು ಅಳೆದೆ. ಯಾಕೆ ಅಂತ ನನಗೇ ಗೊತ್ತಿಲ್ಲ. ರೂಮು ಬಿಡಲ್ಲ ಅಂದ ಬಾಯಿ ಇನ್ನೂ ಆರಿಲ್ಲ.

ಹಳೇ ಸೋಫಾ ತೆಗೆದರೆ ಆ ಗೋಡೆಗೆ ನನ್ನುದ್ದದ ಮಂಚ-ಸೋಫಾ ಕೂರುತ್ತೆ. ಹಗಲು ಕೂರುವುದು, ರಾತ್ರಿ ಹಿಗ್ಗಿಸುವುದು. ಊರಿಗೆಲ್ಲ ಕಟ್ಟಿಕೊಟ್ಟಿದ್ದೇನೆ. ನನ್ನ ಮನೆಗೆ ಒಂದೂ ಕಟ್ಟಿಲ್ಲ.

ಏಪ್ರಿಲ್ 12

ಮರದ ಚೌಕಟ್ಟು ಆಯಿತು. ಮಗ ಪಾಳಿ ಬದಲಿಸಿಕೊಂಡು ಬಂದು ಹಿಡಿದುಕೊಂಡ. ಇಬ್ಬರೂ ಮಾತಾಡಲಿಲ್ಲ. ನಾಲ್ಕು ದಾಟಿತ್ತಲ್ಲ, ಒಳ್ಳೆಯದೇ ಆಯಿತು.

ಸೊಸೆಯಿಂದ ಹೊಸ ಪಾಠ. ಯೆಯೆ ಬು ತ್ಸೋ. ಅಜ್ಜ ಹೋಗುವುದಿಲ್ಲ. ಮೂರೇ ಮಾತು, ಬೆಳಗ್ಗೆಯಿಂದ ಪಟ್ಟಿ ಬಿಗಿಯುತ್ತಾ ಅದನ್ನೇ ಅಂದುಕೊಳ್ಳುತ್ತಿದ್ದೇನೆ. ಸ್ಪಂಜು ಕೇಳಿಸಿಕೊಂಡು ನನ್ನ ದನಿ ತಿದ್ದಿದ! ಮೂರು ವರ್ಷದವನು! ಕಿವಿ ಹಿಂಡೋಣ ಅಂದುಕೊಂಡೆ, ಆಮೇಲೆ ತಿದ್ದಿದ ಹಾಗೇ ಹೇಳಿದೆ.

ಏಪ್ರಿಲ್ 17, ಸಂಜೆ 5-15

ದಬ್ಬಣವನ್ನು ರೂಮಿಗೆ ಕರೆದೆ. ಕಪ್ಪೆಯನ್ನು ಅವಳ ಮುಂದಿಟ್ಟೆ, ಕತ್ತರಿ ಕೊಟ್ಟೆ. ಮಾತಾಡುವ ಹೊತ್ತಲ್ಲ, ಕೈ ಸನ್ನೆ. ಬಿಚ್ಚು ಅಂತ.

ಒಂದೊಂದೇ ಹೊಲಿಗೆ ಕತ್ತರಿಸಿದಳು. ನಾನು ಕೈ ತೂರಿಸಿ ಕಿಟಕಿ ಕಡೆ ತಿರುಗಿದೆ, ರೂಢಿ ಪ್ರಕಾರ. ಟ್ಯಾಂಕಿನ ಮೇಲೆ ಒಂದು ಕಾಗೆ.

"ಯೆಯೆ ಬು ತ್ಸೋ" ಅಂದಿತು ಕಪ್ಪೆ.

ಮತ್ತೆ ಅಂದಿತು. ಆಗ ದಬ್ಬಣ ಮೆಲ್ಲಗೆ ಕೇಳಿದಳು. "ವೆಯ್‌ಶೆನ್ಮ?"

ಯಾಕೆ! ನನ್ನದೇ ಬಾಣ ನನಗೇ. ಉತ್ತರ ಸೊಸೆ ಹೇಳಿಕೊಟ್ಟಿರಲಿಲ್ಲ. ದಬ್ಬಣ ಇನ್ನೇನೋ ಕೇಳಿದಳು, ಉದ್ದಕ್ಕೆ. ಕೈ ತಾನಾಗಿ ತಲೆ ಆಡಿಸಲು ಹೊರಟಿತು. ತಡೆದೆ. ಈ ಸಲ ಆಡಿಸಲಿಲ್ಲ. ಶೆನ್ಮ ಅಂದೆ. ಮತ್ತೆ ಹೇಳಿದಳು. ಮತ್ತೆ ಶೆನ್ಮ ಅಂದೆ. ಕೊನೆಗೆ ಬೇಸತ್ತು ನನ್ನ ಮಂಚ ತಟ್ಟಿದಳು, ನನ್ನ ಬೆನ್ನು ತಟ್ಟಿದಳು. ಹಾಗಾದರೆ ಅಜ್ಜ ಎಲ್ಲಿ ಮಲಗುವುದು? ಕೇಳಿದ್ದು ಇಷ್ಟೇ.

ಕಪ್ಪೆ ಅವಳ ತೋಳು ಕಚ್ಚಿ ಹಿಡಿದು ಹಾಲಿಗೆ ಎಳೆದುಕೊಂಡು ಹೋಯಿತು. ಹೊಸ ಮಂಚ-ಸೋಫಾ. ಅಂಚಿಗೆಲ್ಲ ಹಸಿರು ರೆಕ್ಸಿನ್, ಕಪ್ಪೆಯ ಮೈಯದೇ ಉಳಿದ ತುಂಡು. ದಬ್ಬಣ ಅಂಚು ಮುಟ್ಟಿದಳು, ಕಪ್ಪೆಯ ಹೊಟ್ಟೆ ಮುಟ್ಟಿದಳು. ಹತ್ತಿ ಮಲಗಿ ನೋಡಿದಳು. ಎದ್ದಳು.

ಆಮೇಲೆ ಕಪ್ಪೆಗೆ ಬೈಗುಳ ಶುರು. ಚೀನಾದಲ್ಲಿ. ನಾಲ್ಕು ವಾರದ್ದು, ಐದು ವಾರದ್ದು, ಬಡ್ಡಿ ಸಮೇತ. ಸೊಸೆ ಅಡುಗೆಮನೆಯಿಂದ ಓಡಿ ಬಂದಳು.

ಏನೇನು ಬೈದಳೋ. ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಚಪ್ಪಲಿ ಬಾಗಿಲಲ್ಲಿದೆ.

ಮೇ 11

ಬೀಗಿತಿ ಬಂದರು. ಸಣ್ಣಗಾಗಿದ್ದಾರೆ. ಮಗಳ ಕೈ ಬಿಡಲಿಲ್ಲ. ಮನೆಯನ್ನೆಲ್ಲ ಹೊಸ ಊರು ನೋಡುವ ಹಾಗೆ ನೋಡಿದರು. ನನ್ನನ್ನೂ.

ನೇರ ಹೋಗಿ ನನ್ನ ಹೊಸ ಸೋಫಾದ ಮೇಲೆ ಕೂತರು. ಅಂಗೈಯಲ್ಲಿ ಒತ್ತಿ ನೋಡಿದರು. ಮುಖ ಸಿಂಡರಿಸಿ ದಬ್ಬಣಕ್ಕೆ ಏನೋ ಅಂದರು.

ದಬ್ಬಣ ನನ್ನ ಕಡೆ ತಿರುಗಿದಳು. "ಕಲ್ಲು ಅಂತೆ ಅಜ್ಜ."

ಸೊಸೆ ಒಂದು ಸಲ ಆಕೆಯನ್ನು ನೋಡಿದಳು, ಒಂದು ಸಲ ನನ್ನನ್ನು. ನನಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಕ್ಕರು. ನೆನಪಿದ್ದು ನಕ್ಕರೋ, ನಾನು ನಕ್ಕೆ ಅಂತ ನಕ್ಕರೋ.

"ಹೇಳು," ಅಂದೆ, "ಮೂಳೆ ಚೂಪು ಅಂತ ಹೇಳು."

ಜೂನ್ 16, ಮಧ್ಯಾಹ್ನ 3-45

ಆಕೆ ನನ್ನ ರೂಮಿನಲ್ಲಿ ಮಲಗುತ್ತಾರೆ. ಎದ್ದ ಮೇಲೆ ಹಾಲಿಗೆ ಬಂದು ನನ್ನ ಪಕ್ಕ ಕೂರುತ್ತಾರೆ. ಮಕ್ಕಳು ಬರುವವರೆಗೆ ನಾವಿಬ್ಬರೇ. ನಾನು ರಾನ್‌ಹೋ ನ ಅನ್ನುತ್ತೇನೆ. ಆಮೇಲೆ? ಆಕೆ ಹೇಳುತ್ತಾ ಹೋಗುತ್ತಾರೆ. ನನಗೆ ತಿಳಿಯುವುದಿಲ್ಲ, ಆಕೆಗೆ ನೆನಪಿರುವುದಿಲ್ಲ. ಇಬ್ಬರಿಗೂ ಹೊತ್ತು ಹೋಗುತ್ತದೆ. ನೀರಿಗೆ ಏನನ್ನುತ್ತಾರೆ ಅನ್ನುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ.

ಈಗ ಏನೋ ಕೇಳುತ್ತಿದ್ದಾರೆ. ದಿನವೂ ಇದೇ ಪ್ರಶ್ನೆ, ಇದೇ ಹೊತ್ತಿಗೆ. ಕೇಳಿ, ಕಾಯುತ್ತಾರೆ. ಹಾವ್ ಅಂದರೆ ಮುಗಿಯಿತು, ಆದರೆ ಅನ್ನುವುದಿಲ್ಲ. ಒಮ್ಮೆ ಅಂದು ಕೆಟ್ಟಿದ್ದೇನೆ. ದಬ್ಬಣ ಬರಲಿ.

ಬಂದಳು. ಸ್ಕೂಲ್ ಬ್ಯಾಗು ಅಲ್ಲೇ ಎಸೆದಳು.

"ಏನು ಕೇಳ್ತಾರೆ ನೋಡೇ, ದಿನಾ ಇದೇ."

ಕೇಳಿಸಿಕೊಂಡಳು. "ನೀವು ಯಾರ ಕಡೆಯವರು, ಎಷ್ಟು ದಿನ ಇರ್ತೀರಿ ಅಂತ."

ಯಾರ ಮನೆ, ಯಾರು ಯಾರನ್ನು ಕೇಳುವುದು! ಮೊದಲಾಗಿದ್ದರೆ ಮೇಜು ಗುದ್ದುತ್ತಿದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ದಬ್ಬಣವೇ ಉತ್ತರ ಕೊಟ್ಟಳು. ಉದ್ದದ ಉತ್ತರ. ಕೈ ತಿರುಗಿಸಿಕೊಂಡು. ಬೀಗಿತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, ನಾನು ಕಾಲು ಚಾಚುವಷ್ಟು ಜಾಗ ಬಿಟ್ಟರು.

"ಏನಂದೆ ಅವರಿಗೆ?"

ದಬ್ಬಣ ಗಡಿಯಾರ ತೋರಿಸಿ ತುಟಿಯ ಮೇಲೆ ಬೆರಳಿಟ್ಟಳು. ನಾಲ್ಕು.

ಏಳಕ್ಕೆ ಕೇಳಬೇಕು. ಹೇಳುತ್ತಾಳೋ ಇಲ್ಲವೋ. ಸ್ಪಂಜು ಕಪ್ಪೆಯನ್ನು ತಂದ. ಬೀಗಿತಿಗೆ ಕಪ್ಪೆ ಬೇಕಂತೆ, ನನ್ನ ಕೈಯಲ್ಲೇ ಬೇಕಂತೆ. ಬಲಗೈ ಬಿಡು ಅಂತ ಎಳೆಯುತ್ತಿದ್ದಾನೆ, ಪೆನ್ನು